ಉಪಕರಣದ ಒಡೆತನ: ಅನಿಮೇಷನ್ ಉದ್ಯಮದಲ್ಲಿ ಮುಕ್ತ ತಂತ್ರಾಂಶದ ಪೈಪೋಟಿ

ಕಂಪ್ಯೂಟರ್ ಅನಿಮೇಷನ್ ಉದ್ಯಮದಲ್ಲಿ ಒಂದು ತಂತ್ರಾಂಶವು ಮಾನದಂಡವಾಗಿ ನೆಲೆಗೊಳ್ಳುವುದಕ್ಕೆ ಅದರ ಸಾಮರ್ಥ್ಯ ಎಷ್ಟು ಕಾರಣವೋ ಅದರ ಸುತ್ತ ಬೆಳೆದ ವ್ಯವಸ್ಥೆಯೂ ಅಷ್ಟೇ ಕಾರಣ. ಸ್ಟುಡಿಯೊಗಳು ಆ ತಂತ್ರಾಂಶವನ್ನು ಬಲ್ಲವರನ್ನೇ ನೇಮಿಸಿಕೊಳ್ಳುವುದರಿಂದ ತರಬೇತಿ ಸಂಸ್ಥೆಗಳು ಅದನ್ನೇ ಕಲಿಸುತ್ತವೆ. ಕಲಿತು ಹೊರಬಂದವರು ಅದೊಂದನ್ನೇ ಬಲ್ಲವರಾಗಿರುವುದರಿಂದ ಹೊಸದಾಗಿ ಆರಂಭವಾಗುವ ಸ್ಟುಡಿಯೊಗಳೂ ಅದನ್ನೇ ಕೊಳ್ಳುತ್ತವೆ. ಟೊರೊಂಟೊದ ಏಲಿಯಾಸ್ ವೇವ್‌ಫ್ರಂಟ್ ಕಂಪನಿ 1998ರಲ್ಲಿ ಬಿಡುಗಡೆ ಮಾಡಿದ, 2006ರಿಂದ ಅಮೆರಿಕದ ಆಟೊಡೆಸ್ಕ್ ಕಂಪನಿಯ ಒಡೆತನದಲ್ಲಿರುವ ‘ಮಾಯಾ’ ಎಂಬ ತಂತ್ರಾಂಶವು ಮೂರು ಆಯಾಮದ ಅನಿಮೇಷನ್ನಿನಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ಇಂಥ ಸ್ಥಾನವನ್ನು ಉಳಿಸಿಕೊಂಡು ಬಂದಿದೆ. ಅದರ ಎದುರಿಗೆ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ, ಯಾರು ಬೇಕಾದರೂ ಹಣ ತೆರದೆ ಬಳಸಬಹುದಾದ ‘ಬ್ಲೆಂಡರ್’ ಎಂಬ ತಂತ್ರಾಂಶವು ಬಹುಕಾಲ ಹವ್ಯಾಸಿಗಳ ಆಟಿಕೆಯೆಂದೇ ಪರಿಗಣಿತವಾಗಿತ್ತು. ಆದರೆ 2025ರ ಮಾರ್ಚ್ ತಿಂಗಳಲ್ಲಿ, ಬ್ಲೆಂಡರಿನಲ್ಲಿ ರೂಪುಗೊಂಡ ‘ಫ್ಲೋ’ ಎಂಬ ಲಾಟ್ವಿಯದ ಚಿತ್ರವು ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ನೀಡುವ ಆಸ್ಕರ್ ಪ್ರಶಸ್ತಿಯನ್ನು ಪಡೆದ ಮೇಲೆ ಆ ಅಭಿಪ್ರಾಯವನ್ನು ಸಮರ್ಥಿಸುವುದು ಕಷ್ಟವಾಗಿದೆ.

ಈ ಬೆಳವಣಿಗೆಯನ್ನು ದುಬಾರಿ ಸರಕಿಗೂ ಪುಕ್ಕಟೆ ಸರಕಿಗೂ ನಡೆದ ಸ್ಪರ್ಧೆಯೆಂದು ವಿವರಿಸುವ ರೂಢಿಯಿದೆ. ಬೆಲೆಯ ಪಾತ್ರವನ್ನು ಅಲ್ಲಗಳೆಯಲಾಗದಾದರೂ, ಬ್ಲೆಂಡರಿನ ಮೂರು ದಶಕಗಳ ಚರಿತ್ರೆಯನ್ನು ಅದರ ಪ್ರತಿಸ್ಪರ್ಧಿಗಳ ಚರಿತ್ರೆಯ ಜೊತೆಗಿಟ್ಟು ನೋಡಿದಾಗ ಬೇರೊಂದು ಪ್ರಶ್ನೆ ಮುನ್ನೆಲೆಗೆ ಬರುತ್ತದೆ: ಕಲಾವಿದನು ತನ್ನ ಬದುಕಿನ ಹತ್ತಾರು ವರ್ಷಗಳನ್ನು ತೊಡಗಿಸಿ ಕರಗತ ಮಾಡಿಕೊಂಡ ಉಪಕರಣವು ಉಳಿಯಬೇಕೇ, ಯಾವ ದಿಕ್ಕಿನಲ್ಲಿ ಬೆಳೆಯಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ?

ಅನಿಮೇಷನ್ ತಂತ್ರಾಂಶ ಮಾಡುವ ಕೆಲಸ

ಮೂರು ಆಯಾಮದ ಅನಿಮೇಷನ್ ಒಂದರ ಬೆನ್ನಿಗೆ ಒಂದರಂತೆ ಸಾಗುವ ಹಲವು ಹಂತಗಳ ಕೆಲಸ. ಮೊದಲು ಪಾತ್ರದ, ಮನೆಯ, ಮರದ ಆಕಾರವನ್ನು ಕಂಪ್ಯೂಟರಿನೊಳಗೆ ಸಾವಿರಾರು ಸಣ್ಣ ಮುಖಗಳ ಜಾಲವಾಗಿ ಕಟ್ಟಲಾಗುತ್ತದೆ. ಇದಕ್ಕೆ ಮಾಡೆಲಿಂಗ್ ಎಂದು ಹೆಸರು. ಆ ಜಾಲದ ಮೇಲೆ ಚರ್ಮ, ಬಟ್ಟೆ, ತುಕ್ಕು, ಧೂಳು ಮೊದಲಾದವುಗಳ ಬಣ್ಣವನ್ನೂ ಹೊಳಪನ್ನೂ ಹೊದಿಸುವುದು ಟೆಕ್ಸ್ಚರಿಂಗ್. ಬಳಿಕ ಪಾತ್ರದೊಳಗೆ ಮೂಳೆಗಳನ್ನು ಹೋಲುವ ಕೀಲುಗಳನ್ನಿಟ್ಟು ಅವನ್ನು ಹೊರಗಿನ ಹಿಡಿಕೆಗಳಿಗೆ ಜೋಡಿಸುವ ರಿಗ್ಗಿಂಗ್ ನಡೆಯುತ್ತದೆ. ಸೂತ್ರದ ಗೊಂಬೆಯ ಕೈಕಾಲುಗಳಿಗೆ ದಾರ ಕಟ್ಟುವ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಹೆಚ್ಚಿನ ಅಂತರವಿಲ್ಲ. ಆ ಹಿಡಿಕೆಗಳನ್ನು ಕಾಲಕ್ಕೆ ತಕ್ಕಂತೆ ಚಲಿಸಿ ಪಾತ್ರಕ್ಕೆ ನಡಿಗೆ, ಭಾವ, ಭಾರಗಳನ್ನು ಕೊಡುವವನೇ ಅನಿಮೇಟರ್. ಕೊನೆಗೆ ದೃಶ್ಯದಲ್ಲಿ ದೀಪಗಳನ್ನೂ ಕ್ಯಾಮೆರಾವನ್ನೂ ಇಟ್ಟು, ಬೆಳಕು ಯಾವ ಮೇಲ್ಮೈಯಿಂದ ಎಲ್ಲಿಗೆ ಚಿಮ್ಮುತ್ತದೆಂದು ಲೆಕ್ಕ ಹಾಕಿ, ಒಂದೊಂದೇ ಚಿತ್ರವನ್ನು ಸಿದ್ಧಪಡಿಸುವ ರೆಂಡರಿಂಗ್ ಹಾಗೂ ಹಾಗೆ ಬಂದ ಚಿತ್ರದ ಪದರಗಳನ್ನು ಒಗ್ಗೂಡಿಸುವ ಕಾಂಪೊಸಿಟಿಂಗ್ ನಡೆಯುತ್ತವೆ. ಸೆಕೆಂಡಿಗೆ 24 ಚಿತ್ರಗಳಂತೆ ಒಂದೂವರೆ ಗಂಟೆಯ ಚಲನಚಿತ್ರಕ್ಕೆ 1,29,600 ಚಿತ್ರಗಳು ಬೇಕಾಗುತ್ತವೆ ಎಂಬುದನ್ನು ನೆನೆದರೆ ಈ ಕೆಲಸದ ಗಾತ್ರ ಅರಿವಾಗುತ್ತದೆ.

ದೊಡ್ಡ ಸ್ಟುಡಿಯೊದಲ್ಲಿ ಒಂದೊಂದು ಹಂತಕ್ಕೂ ಬೇರೆ ಬೇರೆ ವಿಭಾಗಗಳಿದ್ದು, ಒಂದು ವಿಭಾಗದ ಫೈಲು ಮತ್ತೊಂದಕ್ಕೆ ಕೆಡದೆ ತಲುಪುವಂತೆ ನೋಡಿಕೊಳ್ಳುವ ಒಟ್ಟು ಏರ್ಪಾಡನ್ನು ಪೈಪ್‌ಲೈನ್ ಎನ್ನುತ್ತಾರೆ. ಸ್ಟುಡಿಯೊಗಳು ತಮ್ಮ ಅಗತ್ಯಕ್ಕೆ ತಕ್ಕಂತೆ ಮಾಯಾದ ಸುತ್ತ ನೂರಾರು ಸಣ್ಣ ಪ್ರೋಗ್ರಾಮುಗಳನ್ನು ವರ್ಷಗಟ್ಟಲೆ ಬರೆದು ಸೇರಿಸಿಕೊಂಡಿರುತ್ತವೆ. ತಂತ್ರಾಂಶವನ್ನು ಬದಲಿಸುವುದೆಂದರೆ ಈ ಎಲ್ಲವನ್ನೂ ಮತ್ತೆ ಕಟ್ಟುವುದೆಂದೇ ಅರ್ಥ. ಅಮೆರಿಕದಲ್ಲಿ ಮಾಯಾದ ಒಂದು ವರ್ಷದ ಚಂದಾ ಒಬ್ಬ ಬಳಕೆದಾರನಿಗೆ 1,900 ಡಾಲರ್ ಆಸುಪಾಸಿನಲ್ಲಿದ್ದು, ಸಣ್ಣ ತಂಡಕ್ಕೆ ಅದು ಭಾರವೆನಿಸಿದರೂ ಕಲಾವಿದರ ಸಂಬಳವೇ ಮುಖ್ಯ ಖರ್ಚಾಗಿರುವ ದೊಡ್ಡ ಸ್ಟುಡಿಯೊಗೆ ಅಷ್ಟೇನೂ ದೊಡ್ಡ ಮೊತ್ತವಲ್ಲ. ಹೀಗಾಗಿ ಬೆಲೆಯೊಂದರಿಂದಲೇ ಬ್ಲೆಂಡರಿಗೆ ಗೆಲುವು ಸಿಗುವಂತಿರಲಿಲ್ಲ.

ಕಂಪನಿಯ ಅಂತ್ಯ, ತಂತ್ರಾಂಶದ ಬಿಡುಗಡೆ

ಡಚ್ ಕಲಾವಿದ ಹಾಗೂ ಪ್ರೋಗ್ರಾಮರ್ ಟಾನ್ ರೂಸೆಂಡಾಲ್ 1980ರ ದಶಕದ ಕೊನೆಯಲ್ಲಿ ಗೆಳೆಯರೊಡನೆ ಕಟ್ಟಿದ ನಿಯೊಜಿಯೊ ಎಂಬ ಅನಿಮೇಷನ್ ಸ್ಟುಡಿಯೊದ ಒಳಬಳಕೆಗಾಗಿ ಬ್ಲೆಂಡರ್ ಹುಟ್ಟಿಕೊಂಡಿತು. ಅದರ ಮೊದಲ ಸಾಲುಗಳು 1994ರ ಜನವರಿಯಲ್ಲಿ ಬರೆಯಲ್ಪಟ್ಟವು. ಈ ತಂತ್ರಾಂಶವನ್ನು ಹೊರಗಿನವರಿಗೂ ತಲುಪಿಸಬೇಕೆಂದು ರೂಸೆಂಡಾಲ್ 1998ರಲ್ಲಿ ನಾಟ್ ಎ ನಂಬರ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಮೂಲ ತಂತ್ರಾಂಶವನ್ನು ಉಚಿತವಾಗಿ ಹಂಚಿ, ಅದರ ಸುತ್ತಲಿನ ವಾಣಿಜ್ಯ ಉತ್ಪನ್ನಗಳಿಂದಲೂ ಸೇವೆಗಳಿಂದಲೂ ಹಣ ಗಳಿಸುವುದು ಆ ಕಂಪನಿಯ ಆಲೋಚನೆಯಾಗಿತ್ತು. 2000ದಲ್ಲಿ ಹೂಡಿಕೆದಾರರಿಂದ 45 ಲಕ್ಷ ಯೂರೋ ಬಂಡವಾಳವೂ ಬಂದಿತು. ಆದರೆ ಅಂತರ್ಜಾಲ ಕಂಪನಿಗಳು ಒಂದರ ಹಿಂದೆ ಒಂದರಂತೆ ನೆಲಕಚ್ಚಿದ ಡಾಟ್‌ಕಾಂ ಕುಸಿತದ ದಿನಗಳಲ್ಲಿ ಅದರ ವಾಣಿಜ್ಯ ಉತ್ಪನ್ನ ನಿರೀಕ್ಷಿಸಿದಷ್ಟು ಮಾರಾಟವಾಗದೆ, 2002ರ ಆರಂಭದಲ್ಲಿ ಹೂಡಿಕೆದಾರರು ಕಂಪನಿಯನ್ನು ಮುಚ್ಚಿದರು. ಅದರೊಂದಿಗೆ ಬ್ಲೆಂಡರಿನ ಅಭಿವೃದ್ಧಿಯೂ ನಿಂತಿತು.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ತಂತ್ರಾಂಶವು ಯಾವುದೋ ಸಾಲದ ಲೆಕ್ಕದಲ್ಲಿ ಸೇರಿ ಕಣ್ಮರೆಯಾಗುತ್ತದೆ. ರೂಸೆಂಡಾಲ್ ಮಾತ್ರ ಅದೇ ವರ್ಷ ಲಾಭದ ಉದ್ದೇಶವಿಲ್ಲದ ಬ್ಲೆಂಡರ್ ಫೌಂಡೇಶನ್ ಅನ್ನು ಸ್ಥಾಪಿಸಿ, 1 ಲಕ್ಷ ಯೂರೋ ಕೊಟ್ಟರೆ ಬ್ಲೆಂಡರಿನ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಡಲು ಹೂಡಿಕೆದಾರರನ್ನು ಒಪ್ಪಿಸಿದರು. ಮೂಲ ಸಂಕೇತವೆಂದರೆ ಪ್ರೋಗ್ರಾಮರ್ ಬರೆದ, ಮನುಷ್ಯರು ಓದಿ ತಿದ್ದಬಹುದಾದ ರೂಪದ ತಂತ್ರಾಂಶ. ಅದು ಕೈಯಲ್ಲಿಲ್ಲದಿದ್ದರೆ ತಂತ್ರಾಂಶವನ್ನು ಓಡಿಸಬಹುದೇ ಹೊರತು ಬದಲಿಸಲಾಗದು. 2002ರ ಜುಲೈಯಲ್ಲಿ ಆರಂಭವಾದ ದೇಣಿಗೆ ಸಂಗ್ರಹಕ್ಕೆ ಜಗತ್ತಿನ ಹಲವು ಕಡೆಯ ಬಳಕೆದಾರರು ಕೈಜೋಡಿಸಿ ಏಳೇ ವಾರಗಳಲ್ಲಿ ಆ ಮೊತ್ತವನ್ನು ಒಟ್ಟುಗೂಡಿಸಿದರು; ಅಕ್ಟೋಬರ್ 13ರಂದು ಬ್ಲೆಂಡರಿನ ಮೂಲ ಸಂಕೇತವು ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿಯಡಿ ಪ್ರಕಟವಾಯಿತು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1980ರ ದಶಕದಲ್ಲಿ ಆರಂಭಿಸಿದ ಮುಕ್ತ ತಂತ್ರಾಂಶ ಚಳವಳಿಯು ರೂಪಿಸಿದ ಈ ಪರವಾನಗಿಯು ಬಳಕೆದಾರನಿಗೆ ನಾಲ್ಕು ಹಕ್ಕುಗಳನ್ನು ಕೊಡುತ್ತದೆ: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದರ ಒಳರಚನೆಯನ್ನು ಅಭ್ಯಾಸ ಮಾಡಿ ತನಗೆ ಬೇಕಾದಂತೆ ಬದಲಿಸುವುದು, ಅದರ ಪ್ರತಿಗಳನ್ನು ಹಂಚುವುದು, ತಾನು ಬದಲಿಸಿದ ರೂಪವನ್ನೂ ಹಂಚುವುದು. ಇದಕ್ಕೆ ಪ್ರತಿಯಾಗಿ ಒಂದು ಕಟ್ಟುಪಾಡೂ ಇದೆ. ಬದಲಿಸಿದ ರೂಪವನ್ನು ಹೊರಗೆ ಹಂಚುವವನು ಅದರ ಮೂಲ ಸಂಕೇತವನ್ನೂ ಅದೇ ಪರವಾನಗಿಯಡಿ ಕೊಡಬೇಕು. ಹಾಗಾಗಿ ಯಾವ ಕಂಪನಿಯೂ ಬ್ಲೆಂಡರನ್ನು ಎತ್ತಿಕೊಂಡು, ತನ್ನದೇ ಹೆಸರಿನಲ್ಲಿ ಬೀಗ ಹಾಕಿ ಮಾರುವಂತಿಲ್ಲ. ಈ ಕಟ್ಟುಪಾಡು ತಂತ್ರಾಂಶಕ್ಕೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಅದರಿಂದ ತಯಾರಾದ ಚಿತ್ರಕ್ಕಲ್ಲ. ಬ್ಲೆಂಡರಿನಲ್ಲಿ ರೂಪುಗೊಂಡ ಕಲಾಕೃತಿಯ ಹಕ್ಕು ಪೂರ್ತಿಯಾಗಿ ಕಲಾವಿದನದೇ. ಸ್ಟುಡಿಯೊವೊಂದು ತನ್ನೊಳಗಿನ ಬಳಕೆಗಾಗಿ ಬ್ಲೆಂಡರನ್ನು ತಿದ್ದಿಕೊಂಡು ಹೊರಗೆ ಹಂಚದೇ ಇದ್ದರೆ ಆ ತಿದ್ದುಪಡಿಗಳನ್ನು ಪ್ರಕಟಿಸಬೇಕಾದ ಅಗತ್ಯವೂ ಇಲ್ಲ.

ಸಾಫ್ಟ್‌ಇಮೇಜಿನ ಪಾಠ

ಇದೇ ಕಾಲದ ಮತ್ತೊಂದು ತಂತ್ರಾಂಶದ ಗತಿ ಬ್ಲೆಂಡರಿನ ಗತಿಗೆ ತದ್ವಿರುದ್ಧವಾದುದು. ಡೇನಿಯಲ್ ಲಾಂಗ್ಲ್ವಾ ಅವರು 1986ರಲ್ಲಿ ಮಾಂಟ್ರಿಯಲ್‌ನಲ್ಲಿ ಸ್ಥಾಪಿಸಿದ ಸಾಫ್ಟ್‌ಇಮೇಜ್ ಕಂಪನಿಯ ಅನಿಮೇಷನ್ ತಂತ್ರಾಂಶವು 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಡೈನೊಸಾರ್‌ಗಳನ್ನು ಚಲಿಸುವಂತೆ ಮಾಡಿದ ಉಪಕರಣಗಳಲ್ಲಿ ಒಂದಾಗಿ ಹೆಸರು ಪಡೆದಿತ್ತು. 1994ರಲ್ಲಿ ಅದನ್ನು ಮೈಕ್ರೊಸಾಫ್ಟ್ ಕೊಂಡಿತು, 1998ರಲ್ಲಿ ಏವಿಡ್ ಕಂಪನಿ ಕೊಂಡಿತು, 2008ರಲ್ಲಿ ಆಟೊಡೆಸ್ಕ್ ಕೊಂಡಿತು. ಅಷ್ಟರಲ್ಲಿ ಮಾಯಾ ಮತ್ತು ತ್ರೀಡಿಎಸ್ ಮ್ಯಾಕ್ಸ್ ಎಂಬ ಎರಡು ಪ್ರಮುಖ ತಂತ್ರಾಂಶಗಳು ಆಟೊಡೆಸ್ಕ್ ಬಳಿ ಇದ್ದುದರಿಂದ ಒಂದೇ ಮಾರುಕಟ್ಟೆಯ ಮೂರು ದೊಡ್ಡ ಹೆಸರುಗಳು ಒಂದೇ ಸೂರಿನಡಿ ಸೇರಿದಂತಾಯಿತು. 2014ರಲ್ಲಿ ಆಟೊಡೆಸ್ಕ್ ಸಾಫ್ಟ್‌ಇಮೇಜನ್ನು ನಿಲ್ಲಿಸುವ ನಿರ್ಧಾರವನ್ನು ಪ್ರಕಟಿಸಿ, ಅದರ ಬಳಕೆದಾರರಿಗೆ ತನ್ನ ಉಳಿದೆರಡು ತಂತ್ರಾಂಶಗಳಲ್ಲಿ ಒಂದಕ್ಕೆ ಹೋಗುವ ದಾರಿಯನ್ನು ತೋರಿಸಿತು.

ಕಂಪನಿಯ ಲೆಕ್ಕಾಚಾರದಲ್ಲಿ ಅದು ಸಹಜವಾದ ನಿರ್ಧಾರವೇ. ಆದರೆ ಎರಡು ದಶಕಗಳ ಕಾಲ ಸಾಫ್ಟ್‌ಇಮೇಜನ್ನೇ ನೆಚ್ಚಿಕೊಂಡಿದ್ದ ಕಲಾವಿದರಿಗೂ ಸ್ಟುಡಿಯೊಗಳಿಗೂ ಅದನ್ನು ಪ್ರಶ್ನಿಸುವ ಹಕ್ಕಾಗಲಿ, ದೇಣಿಗೆ ಎತ್ತಿ ಅದನ್ನು ಉಳಿಸಿಕೊಳ್ಳುವ ಅವಕಾಶವಾಗಲಿ ಇರಲಿಲ್ಲ. 2002ರಲ್ಲಿ ಬ್ಲೆಂಡರಿನ ಕಂಪನಿ ಸತ್ತು ತಂತ್ರಾಂಶ ಬದುಕಿತು. 2014ರಲ್ಲಿ ಕಂಪನಿ ಚೆನ್ನಾಗಿಯೇ ಇದ್ದು ತಂತ್ರಾಂಶ ಸತ್ತಿತು. ಈ ಎರಡು ಘಟನೆಗಳ ನಡುವಿನ ವ್ಯತ್ಯಾಸಕ್ಕೆ ತಂತ್ರಾಂಶಗಳ ಗುಣಮಟ್ಟ ಕಾರಣವಲ್ಲ, ಏಕೆಂದರೆ ಆ ದಿನಗಳಲ್ಲಿ ಗುಣಮಟ್ಟದಲ್ಲಿ ಸಾಫ್ಟ್‌ಇಮೇಜೇ ಬಹಳ ಮುಂದಿತ್ತು. 2016ರಲ್ಲಿ ಆಟೊಡೆಸ್ಕ್ ಒಮ್ಮೆಗೇ ಹಣ ಕೊಟ್ಟು ಶಾಶ್ವತ ಪರವಾನಗಿ ಪಡೆಯುವ ಪದ್ಧತಿಯನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನೇ ಉಳಿಸಿಕೊಂಡ ಮೇಲಂತೂ, ಚಂದಾ ನಿಂತ ದಿನವೇ ಹೊಸ ಬಳಕೆದಾರನಿಗೆ ತನ್ನ ಹಳೆಯ ಫೈಲುಗಳನ್ನು ತೆರೆಯುವ ಸಾಧನವೂ ಕೈತಪ್ಪುವಂತಾಯಿತು.

ಚಿತ್ರ ಮಾಡುತ್ತ ಉಪಕರಣ ಕಟ್ಟಿದ ಬಗೆ

ಮುಕ್ತ ತಂತ್ರಾಂಶಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರೆಂದರೆ ಅವು ಪ್ರೋಗ್ರಾಮರುಗಳಿಂದ ಪ್ರೋಗ್ರಾಮರುಗಳಿಗಾಗಿ ತಯಾರಾಗಿ, ಅವುಗಳನ್ನು ದಿನವೂ ಬಳಸುವವರ ಕಷ್ಟಗಳಿಗೆ ಕಿವಿಗೊಡುವುದಿಲ್ಲ ಎಂಬುದು. ಆಮ್‌ಸ್ಟರ್‌ಡ್ಯಾಮ್‌ನ ಬ್ಲೆಂಡರ್ ಬಳಗವು ಇದಕ್ಕೆ ಕಂಡುಕೊಂಡ ಪರಿಹಾರ, ತಂತ್ರಾಂಶವನ್ನು ಬರೆಯುವವರನ್ನೂ ಚಿತ್ರ ತಯಾರಿಸುವವರನ್ನೂ ಒಂದೇ ಕಟ್ಟಡದಲ್ಲಿ ಕೂರಿಸಿ ಕಿರುಚಿತ್ರಗಳನ್ನು ನಿರ್ಮಿಸುವುದು. 2006ರಲ್ಲಿ ಹೊರಬಂದ ‘ಎಲಿಫೆಂಟ್ಸ್ ಡ್ರೀಮ್’ ಈ ಸರಣಿಯ ಮೊದಲ ಚಿತ್ರವಾಗಿದ್ದು, ಚಿತ್ರವನ್ನಷ್ಟೇ ಅಲ್ಲದೆ ಅದನ್ನು ಕಟ್ಟಲು ಬಳಸಿದ ಪಾತ್ರಗಳ, ದೃಶ್ಯಗಳ ಎಲ್ಲ ಫೈಲುಗಳನ್ನೂ ಯಾರು ಬೇಕಾದರೂ ಪಡೆದು ಬಿಚ್ಚಿ ನೋಡುವಂತೆ ಮುಕ್ತ ಪರವಾನಗಿಯಡಿ ಪ್ರಕಟಿಸಲಾಯಿತು.

ಒಂದೊಂದು ಚಿತ್ರವೂ ತಂತ್ರಾಂಶದ ಒಂದೊಂದು ಕೊರತೆಯನ್ನು ಬಯಲಿಗೆಳೆದು ಅದನ್ನು ತುಂಬಿಕೊಡುವ ಕೆಲಸ ಮಾಡಿತು. 2008ರ ‘ಬಿಗ್ ಬಕ್ ಬನ್ನಿ’ ಚಿತ್ರದ ದಪ್ಪ ಮೊಲಕ್ಕೆ ಮೈತುಂಬ ರೋಮ ಬೇಕಾಗಿದ್ದರಿಂದ ರೋಮ, ತುಪ್ಪಳಗಳ ಉಪಕರಣಗಳು ಸುಧಾರಿಸಿದವು. 2012ರ ‘ಟಿಯರ್ಸ್ ಆಫ್ ಸ್ಟೀಲ್’ ಚಿತ್ರದಲ್ಲಿ ನಿಜವಾದ ನಟರನ್ನು ಚಿತ್ರೀಕರಿಸಿ ಅವರ ಸುತ್ತ ಕಂಪ್ಯೂಟರಿನಲ್ಲಿ ಕಟ್ಟಿದ ದೃಶ್ಯಗಳನ್ನು ಹೊಂದಿಸಬೇಕಾಗಿದ್ದುದರಿಂದ, ಚಿತ್ರೀಕರಿಸಿದ ತುಣುಕನ್ನು ನೋಡಿ ಕ್ಯಾಮೆರಾ ಹೇಗೆ ಚಲಿಸಿತ್ತೆಂದು ಲೆಕ್ಕ ಹಾಕುವ ಟ್ರ್ಯಾಕಿಂಗ್ ಸೌಲಭ್ಯವು ಪಳಗಿತು. 2018ರ ‘ಹೀರೊ’ ಎಂಬ ಕಿರುಚಿತ್ರದ ಮೂಲಕ, ಮೂರು ಆಯಾಮದ ದೃಶ್ಯದೊಳಗೇ ಕೈಯಿಂದ ಗೆರೆ ಎಳೆದು ಚಿತ್ರ ಬಿಡಿಸುವ ಗ್ರೀಸ್ ಪೆನ್ಸಿಲ್ ಎಂಬ ಉಪಕರಣವು ಪೂರ್ಣ ಪ್ರಮಾಣದ ಎರಡು ಆಯಾಮದ ಅನಿಮೇಷನ್ ಸಾಧನವಾಗಿ ಬೆಳೆಯಿತು. ಫ್ರಾನ್ಸಿನ ಜೆರೆಮಿ ಕ್ಲಾಪ್ಯಾನ್ ನಿರ್ದೇಶಿಸಿದ, ಆಸ್ಕರ್‌ಗೆ ನಾಮನಿರ್ದೇಶನಗೊಂಡ ‘ಐ ಲಾಸ್ಟ್ ಮೈ ಬಾಡಿ’ ಎಂಬ 2019ರ ಚಿತ್ರವು ಈ ಉಪಕರಣವನ್ನೇ ನೆಚ್ಚಿಕೊಂಡಿತ್ತು.

2019ರ ಜುಲೈಯಲ್ಲಿ ಬಂದ 2.8ನೆಯ ಆವೃತ್ತಿಯು ಬ್ಲೆಂಡರಿನ ಚರಿತ್ರೆಯ ಮುಖ್ಯ ತಿರುವು. ಅದುವರೆಗೆ ಬ್ಲೆಂಡರಿನಲ್ಲಿ ವಸ್ತುವನ್ನು ಆರಿಸಲು ಮೌಸಿನ ಬಲಗುಂಡಿಯನ್ನು ಒತ್ತಬೇಕಿತ್ತು. ಬೇರೆಲ್ಲ ತಂತ್ರಾಂಶಗಳಲ್ಲಿ ಎಡಗುಂಡಿಗೆ ಒಗ್ಗಿದ್ದವರಿಗೆ ಈ ಒಂದು ಸಣ್ಣ ಸಂಗತಿಯೇ ದೊಡ್ಡ ತಡೆಯಾಗಿತ್ತು. ಹೊಸ ಆವೃತ್ತಿಯು ಎಡಗುಂಡಿಯನ್ನೇ ಸಹಜ ಆಯ್ಕೆಯನ್ನಾಗಿ ಮಾಡಿ, ಪರದೆಯ ವಿನ್ಯಾಸವನ್ನು ಹೊಸಬರಿಗೆ ಅರ್ಥವಾಗುವಂತೆ ಮರುರೂಪಿಸಿತು. ಅದರ ಜೊತೆಗೆ ಈವೀ ಎಂಬ ರೆಂಡರಿಂಗ್ ಯಂತ್ರವೂ ಬಂದಿತು. ಬ್ಲೆಂಡರಿನಲ್ಲಿ 2011ರಿಂದಲೇ ಇದ್ದ ಸೈಕಲ್ಸ್ ಎಂಬ ರೆಂಡರಿಂಗ್ ಯಂತ್ರವು ಬೆಳಕಿನ ಕಿರಣಗಳು ನಿಜ ಜಗತ್ತಿನಲ್ಲಿ ಸಾಗುವ ರೀತಿಯನ್ನು ಅನುಸರಿಸುವುದರಿಂದ ಅದು ಕೊಡುವ ಚಿತ್ರ ವಾಸ್ತವಕ್ಕೆ ಹತ್ತಿರವಾದರೂ ಒಂದೊಂದು ಚಿತ್ರಕ್ಕೂ ನಿಮಿಷಗಳೋ ಗಂಟೆಗಳೋ ಹಿಡಿಯಬಹುದು. ಈವೀ ಮಾತ್ರ ವಿಡಿಯೊ ಗೇಮುಗಳಲ್ಲಿ ಬಳಕೆಯಲ್ಲಿರುವ ಅಂದಾಜಿನ ವಿಧಾನಗಳಿಂದ ಬೆಳಕನ್ನು ಲೆಕ್ಕ ಹಾಕಿ ಕೆಲವೇ ಸೆಕೆಂಡುಗಳಲ್ಲಿ ಚಿತ್ರವನ್ನು ಮುಂದಿಡುತ್ತದೆ.

ಅದೇ ತಿಂಗಳು ಗೇಮ್ ತಯಾರಿಕೆಯ ದೈತ್ಯ ಎಪಿಕ್ ಗೇಮ್ಸ್ ಬ್ಲೆಂಡರ್ ಫೌಂಡೇಶನ್‌ಗೆ 12 ಲಕ್ಷ ಡಾಲರ್ ಅನುದಾನ ಘೋಷಿಸಿತು. ಯೂಬಿಸಾಫ್ಟ್, ಎನ್‌ವಿಡಿಯಾ, ಎಎಮ್‌ಡಿ, ಮೈಕ್ರೊಸಾಫ್ಟ್, ಆ್ಯಪಲ್ ಮೊದಲಾದ ಕಂಪನಿಗಳು ಮುಂದಿನ ಎರಡು ಮೂರು ವರ್ಷಗಳೊಳಗೆ ಅದರ ಅಭಿವೃದ್ಧಿ ನಿಧಿಗೆ ಸೇರಿಕೊಂಡವು. ಪರಸ್ಪರ ಸ್ಪರ್ಧಿಗಳಾದ ಚಿಪ್ ತಯಾರಕರು ಒಂದೇ ನಿಧಿಗೆ ಹಣ ಹಾಕುವುದರ ಹಿಂದೆ ಔದಾರ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವಿದೆ: ಲಕ್ಷಾಂತರ ಮಂದಿ ಬಳಸುವ ತಂತ್ರಾಂಶವು ತಮ್ಮ ಯಂತ್ರಾಂಶದ ಮೇಲೆ ಚೆನ್ನಾಗಿ ಓಡಬೇಕೆಂಬುದು ಪ್ರತಿಯೊಬ್ಬರಿಗೂ ಬೇಕು, ಆದರೆ ಆ ತಂತ್ರಾಂಶ ಮತ್ತೊಬ್ಬರ ಸ್ವತ್ತಾಗುವುದು ಯಾರಿಗೂ ಬೇಡ. ಕಂಪನಿಗಳ ಹಣದ ಜೊತೆಗೆ ಸಾಮಾನ್ಯ ಬಳಕೆದಾರರು ತಿಂಗಳಿಗೆ ಕೆಲವು ಯೂರೋಗಳಂತೆ ಕೊಡುವ ಚಂದಾವೂ ಆ ನಿಧಿಯಲ್ಲಿ ಸೇರಿ, ಪೂರ್ಣಾವಧಿ ಪ್ರೋಗ್ರಾಮರುಗಳ ಸಂಬಳಕ್ಕೆ ಆಧಾರವಾಗಿದೆ.

‘ಫ್ಲೋ’ ತೋರಿಸಿಕೊಟ್ಟದ್ದು

ಲಾಟ್ವಿಯದ ಗಿಂಟ್ಸ್ ಜಿಲ್ಬಲೊಡಿಸ್ ತಮ್ಮ ಮೊದಲ ಪೂರ್ಣಾವಧಿ ಚಿತ್ರ ‘ಅವೇ’ಯನ್ನು ಮಾಯಾ ಬಳಸಿ ಒಬ್ಬರೇ ತಯಾರಿಸಿದ್ದರು. 2019ರಲ್ಲಿ ಎರಡನೆಯ ಚಿತ್ರದ ಸಿದ್ಧತೆಗೆ ತೊಡಗಿದಾಗ, ಮುಖ್ಯವಾಗಿ ಈವೀಯ ವೇಗವನ್ನು ನೋಡಿ, ಅವರು ಬ್ಲೆಂಡರಿಗೆ ಬದಲಾದರು. ನೆರೆಯಲ್ಲಿ ಮುಳುಗಿದ ಜಗತ್ತಿನಲ್ಲಿ ಒಂದು ಬೆಕ್ಕು ಇತರ ಪ್ರಾಣಿಗಳೊಡನೆ ದೋಣಿಯಲ್ಲಿ ಸಾಗುವ ಕಥೆಯಾದ ‘ಫ್ಲೋ’ದಲ್ಲಿ ಮಾತೇ ಇಲ್ಲ. ಲಾಟ್ವಿಯ, ಫ್ರಾನ್ಸ್, ಬೆಲ್ಜಿಯಂ ದೇಶಗಳ ಸಹನಿರ್ಮಾಣದಲ್ಲಿ ಸುಮಾರು 35 ಲಕ್ಷ ಯೂರೋ ವೆಚ್ಚದಲ್ಲಿ ತಯಾರಾದ ಈ ಚಿತ್ರವು ಆಸ್ಕರ್ ಕಣದಲ್ಲಿ ಎದುರಿಸಿದ ಚಿತ್ರಗಳಲ್ಲಿ ಸುಮಾರು 20 ಕೋಟಿ ಡಾಲರ್ ವೆಚ್ಚದ ಪಿಕ್ಸಾರ್ ಸ್ಟುಡಿಯೊದ ‘ಇನ್‌ಸೈಡ್ ಔಟ್ 2’ ಕೂಡ ಇತ್ತು. ಲಾಟ್ವಿಯಕ್ಕೆ ಅದು ಮೊತ್ತಮೊದಲ ಆಸ್ಕರ್.

ಈ ಗೆಲುವಿನಿಂದ ತಂತ್ರಾಂಶವೇ ಚಿತ್ರವನ್ನು ಗೆಲ್ಲಿಸಿತೆಂಬ ತೀರ್ಮಾನಕ್ಕೆ ಬರುವುದು ಸರಿಯಾಗಲಾರದು. ‘ಫ್ಲೋ’ದ ಬೆಕ್ಕಿನ ರೋಮ ಒಂದೊಂದಾಗಿ ಎಣಿಸುವಂತೆ ಕಾಣುವುದಿಲ್ಲ, ಬಣ್ಣದ ಕುಂಚದಿಂದ ಎಳೆದಂಥ ಅದರ ಮೇಲ್ಮೈಯು ಪಿಕ್ಸಾರಿನ ಚಿತ್ರಗಳ ನುಣುಪಿಗೆ ಸಾಟಿಯಾಗಲು ಹೊರಟದ್ದೇ ಅಲ್ಲ. ಬೆಳಕಿನ ನಿಖರ ಲೆಕ್ಕವನ್ನು ಬಿಟ್ಟುಕೊಟ್ಟು ವೇಗವನ್ನು ಪಡೆದುಕೊಂಡದ್ದರಿಂದ, ದೃಶ್ಯವು ಕೊನೆಯಲ್ಲಿ ಹೇಗೆ ಕಾಣುತ್ತದೆಯೋ ಹೆಚ್ಚುಕಡಿಮೆ ಹಾಗೆಯೇ ಕೆಲಸದ ವೇಳೆಯಲ್ಲಿಯೂ ನೋಡುತ್ತ, ಕ್ಯಾಮೆರಾವನ್ನು ಹಿಡಿದು ಅಲೆದಂತೆ ದೀರ್ಘವಾದ ದೃಶ್ಯಗಳನ್ನು ಹುಡುಕಿಕೊಳ್ಳುವುದು ನಿರ್ದೇಶಕನಿಗೆ ಸಾಧ್ಯವಾಯಿತು. ರೆಂಡರಿಂಗ್‌ಗಾಗಿ ನೂರಾರು ಕಂಪ್ಯೂಟರುಗಳನ್ನು ಜೋಡಿಸಿದ ರೆಂಡರ್ ಫಾರ್ಮ್‌ನ ಅಗತ್ಯವೂ ಬೀಳಲಿಲ್ಲ. ದೊಡ್ಡ ಸ್ಟುಡಿಯೊಗಳ ಪದ್ಧತಿಯನ್ನು ಅಗ್ಗವಾಗಿ ಅನುಕರಿಸುವ ಬದಲು, ಸಣ್ಣ ತಂಡಕ್ಕೆ ಹೊಂದುವ ಬೇರೆಯದೇ ಪದ್ಧತಿಯೊಂದಕ್ಕೆ ಬ್ಲೆಂಡರ್ ಅವಕಾಶ ಮಾಡಿಕೊಟ್ಟಿತು ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಎರಡು ಆಯಾಮದ ಜಗತ್ತು ಮತ್ತು ಉದ್ಯಮದ ಒಳಗಿನ ಮುಕ್ತತೆ

ಎರಡು ಆಯಾಮದ ಅನಿಮೇಷನ್ನಿನಲ್ಲಿ ಕೆನಡಾದ ಟೂನ್ ಬೂಮ್ ಹಾರ್ಮನಿ ಎಂಬ ತಂತ್ರಾಂಶವು ಮಾಯಾದಂಥದೇ ಸ್ಥಾನವನ್ನು ಪಡೆದಿದೆ. ಅಲ್ಲಿಯೂ ಮುಕ್ತ ತಂತ್ರಾಂಶಗಳಿವೆ. ಅವುಗಳಲ್ಲಿ ಓಪನ್‌ಟೂನ್ಜ್‌ನ ಕಥೆ ವಿಶಿಷ್ಟವಾದುದು. ಇಟಲಿಯ ಡಿಜಿಟಲ್ ವಿಡಿಯೊ ಕಂಪನಿ ತಯಾರಿಸಿದ ಟೂನ್ಜ್ ಎಂಬ ವಾಣಿಜ್ಯ ತಂತ್ರಾಂಶವನ್ನು ಜಪಾನಿನ ಹೆಸರಾಂತ ಸ್ಟುಡಿಯೊ ಜಿಬ್ಲಿಯು 1997ರ ‘ಪ್ರಿನ್ಸೆಸ್ ಮೊನೊನೊಕೆ’ ಚಿತ್ರದಿಂದ ಬಳಸತೊಡಗಿ, ತನ್ನ ಅಗತ್ಯಗಳಿಗೆ ತಕ್ಕಂತೆ ಪಳಗಿಸಿಕೊಂಡಿತ್ತು. ಜಪಾನಿನ ಡ್ವಾಂಗೊ ಕಂಪನಿ ಈ ತಂತ್ರಾಂಶವನ್ನು ಪಡೆದುಕೊಂಡು, ಜಿಬ್ಲಿಯಲ್ಲಿ ಬೆಳೆದ ಸೌಲಭ್ಯಗಳನ್ನೂ ಸೇರಿಸಿ, 2016ರ ಮಾರ್ಚ್‌ನಲ್ಲಿ ಮುಕ್ತವಾಗಿ ಪ್ರಕಟಿಸಿತು. ಕಾಗದದ ಮೇಲೆ ಕೈಯಿಂದ ಬಿಡಿಸಿದ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬುವ ಕೆಲಸದಲ್ಲಿ ಅದು ಇಂದಿಗೂ ಗಟ್ಟಿಗ. ಚಿತ್ರ ಬಿಡಿಸುವವರಿಗೆ ಪರಿಚಿತವಾದ ಕ್ರಿಟಾ ತಂತ್ರಾಂಶದಲ್ಲಿ ಚಿತ್ರಗಳನ್ನು ಒಂದರ ನಂತರ ಒಂದರಂತೆ ಬಿಡಿಸುವ ಅನಿಮೇಷನ್ ಸೌಲಭ್ಯವಿದ್ದರೆ, ಎರಡು ಭಂಗಿಗಳನ್ನು ಕೊಟ್ಟರೆ ನಡುವಿನ ಚಿತ್ರಗಳನ್ನು ತಾನೇ ಹೊಂದಿಸುವ ಕೆಲಸಕ್ಕೆ ಸಿನ್‌ಫಿಗ್ ಇದೆ.

ಮುಕ್ತ ತಂತ್ರಾಂಶವು ಉದ್ಯಮದ ಹೊರಗೆ ನಿಂತು ಬಾಗಿಲು ತಟ್ಟುತ್ತಿದೆ ಎಂಬ ಭಾವನೆ ಕೂಡ ಅರ್ಧ ಸತ್ಯ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳ ಕಂಪ್ಯೂಟರುಗಳು ಬಹುಮಟ್ಟಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಮೇಲೆಯೇ ಓಡುತ್ತವೆ. ಬೆಳಕಿನ ವಿಶಾಲವಾದ ವ್ಯಾಪ್ತಿಯನ್ನು ಕಾಪಾಡುವ ಓಪನ್‌ಇಎಕ್ಸ್‌ಆರ್ ಎಂಬ ಚಿತ್ರ ಮಾದರಿಯನ್ನು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸ್ಟುಡಿಯೊ 2003ರಲ್ಲಿ ಮುಕ್ತಗೊಳಿಸಿತು; ಹೊಗೆ, ಮೋಡಗಳನ್ನು ಶೇಖರಿಸುವ ಓಪನ್‌ವಿಡಿಬಿಯನ್ನು ಡ್ರೀಮ್‌ವರ್ಕ್ಸ್ 2012ರಲ್ಲಿ, ಇಡೀ ದೃಶ್ಯವನ್ನು ತಂತ್ರಾಂಶದಿಂದ ತಂತ್ರಾಂಶಕ್ಕೆ ಸಾಗಿಸುವ ಯುಎಸ್‌ಡಿ ಎಂಬ ಮಾದರಿಯನ್ನು ಪಿಕ್ಸಾರ್ 2016ರಲ್ಲಿ ಮುಕ್ತವಾಗಿ ಕೊಟ್ಟವು. ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿಯೇ ಲಿನಕ್ಸ್ ಫೌಂಡೇಶನ್ ಜೊತೆಗೂಡಿ ಇಂಥ ಯೋಜನೆಗಳ ಪಾಲನೆಗಾಗಿ 2018ರಲ್ಲಿ ಅಕಾಡೆಮಿ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿತು. ಎಲ್ಲರಿಗೂ ಬೇಕಾದ, ಆದರೆ ಯಾರ ಚಿತ್ರಕ್ಕೂ ವಿಶೇಷ ಕಳೆ ತಂದುಕೊಡದ ತಳಹದಿಯನ್ನು ಹಂಚಿಕೊಂಡು ಕಟ್ಟುವುದೇ ಲಾಭವೆಂಬುದನ್ನು ಸ್ಪರ್ಧಿ ಸ್ಟುಡಿಯೊಗಳು ಮೊದಲೇ ಕಂಡುಕೊಂಡಿದ್ದವು. ಈ ಸಾಮಾನ್ಯ ಮಾದರಿಗಳೇ ಬ್ಲೆಂಡರಿಗೂ ದೊಡ್ಡ ಸ್ಟುಡಿಯೊಗಳ ಪೈಪ್‌ಲೈನಿನಲ್ಲಿ ಒಂದೆರಡು ಹಂತಗಳ ಮಟ್ಟಿಗಾದರೂ ಸೇರಿಕೊಳ್ಳುವ ದಾರಿಯನ್ನು ತೆರೆದಿವೆ.

ಮಾನದಂಡ ಕದಲದಿರುವ ಕಾರಣಗಳು

ಇಷ್ಟಾದರೂ ದೊಡ್ಡ ಸ್ಟುಡಿಯೊಗಳ ಪಾತ್ರ ಅನಿಮೇಷನ್ ವಿಭಾಗಗಳಲ್ಲಿ ಮಾಯಾ ಅಲುಗಾಡಿಲ್ಲ. ಬಟ್ಟೆ, ಮಾಂಸಖಂಡ, ಮುಖಭಾವಗಳ ನೂರಾರು ಹಿಡಿಕೆಗಳಿರುವ ಭಾರಿ ಪಾತ್ರಗಳನ್ನು ಅಡೆತಡೆಯಿಲ್ಲದೆ ಆಡಿಸುವ ವೇಗದಲ್ಲಿ ಮಾಯಾ ಮುಂದಿದೆ ಎಂಬುದನ್ನು ಬ್ಲೆಂಡರ್ ಬಳಗದವರೂ ಒಪ್ಪುತ್ತಾರೆ. ಬ್ಲೆಂಡರಿನ ಅನಿಮೇಷನ್ ವ್ಯವಸ್ಥೆಯನ್ನು ಬುಡದಿಂದ ಮರುರೂಪಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ನೂರಾರು ಜನ ತೊಡಗಿರುವ ಚಿತ್ರದ ನಡುವೆ ತೊಡಕು ಎದುರಾದಾಗ ಒಪ್ಪಂದದ ಪ್ರಕಾರ ಉತ್ತರ ಕೊಡಬೇಕಾದ ಕಂಪನಿಯೊಂದು ಇರಬೇಕೆಂದು ಸ್ಟುಡಿಯೊಗಳು ಬಯಸುತ್ತವೆ. ಚಿತ್ರದ ನಿರ್ಮಾಣ ಮೂರು ನಾಲ್ಕು ವರ್ಷ ನಡೆಯುವುದರಿಂದ ಉಪಕರಣವು ಪದೇ ಪದೇ ಬದಲಾಗುವುದೂ ಅವರಿಗೆ ಒಗ್ಗದು. ಇದನ್ನು ಮನಗಂಡ ಬ್ಲೆಂಡರ್, 2020ರಿಂದ ಆಯ್ದ ಆವೃತ್ತಿಗಳಿಗೆ ಎರಡು ವರ್ಷಗಳ ಕಾಲ ದೋಷ ಪರಿಹಾರವನ್ನು ಮಾತ್ರ ಒದಗಿಸುವ ದೀರ್ಘಾವಧಿ ಬೆಂಬಲದ ಪದ್ಧತಿಯನ್ನು ಜಾರಿಗೆ ತಂದಿತು. ಇನ್ನೊಂದು ಕಡೆ, ವಿದ್ಯಾರ್ಥಿಗಳಿಗೆ ಮಾಯಾವನ್ನು ಉಚಿತವಾಗಿಯೇ ಕೊಡುವ ಆಟೊಡೆಸ್ಕ್‌ನ ನೀತಿಯಿಂದಾಗಿ ಕಲಿಕೆಯ ಹಂತದಲ್ಲಿ ಬೆಲೆಯ ವ್ಯತ್ಯಾಸವೇ ಕಾಣಿಸುವುದಿಲ್ಲ.

ಬ್ಲೆಂಡರನ್ನು ಪೂರ್ತಿಯಾಗಿ ನೆಚ್ಚಿದ ಸ್ಟುಡಿಯೊಗಳೆಲ್ಲ ಉಳಿದಿವೆ ಎಂದೂ ಹೇಳುವಂತಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ 2018ರಲ್ಲಿ ಬಂದ ‘ನೆಕ್ಸ್ಟ್ ಜೆನ್’ ಚಿತ್ರವನ್ನು ಬ್ಲೆಂಡರಿನಲ್ಲಿ ತಯಾರಿಸಿದ ಕೆನಡಾದ ಟ್ಯಾಂಜೆಂಟ್ ಅನಿಮೇಷನ್ 2021ರಲ್ಲಿ ಬಾಗಿಲು ಮುಚ್ಚಿತು. ಆದರೆ ಆ ಸ್ಟುಡಿಯೊದವರು ಸೈಕಲ್ಸ್ ರೆಂಡರಿಂಗ್ ಯಂತ್ರಕ್ಕೆ ಮಾಡಿ ಸೇರಿಸಿದ್ದ ಸುಧಾರಣೆಗಳು ಬ್ಲೆಂಡರಿನಲ್ಲಿಯೇ ಉಳಿದು ಎಲ್ಲರ ಬಳಕೆಗೂ ದೊರೆತವು. ಜಪಾನಿನಲ್ಲಿ ‘ಇವ್ಯಾಂಜೆಲಿಯನ್’ ಚಿತ್ರಗಳ ಸ್ಟುಡಿಯೊ ಖಾರಾ 2019ರಲ್ಲಿ ತ್ರೀಡಿಎಸ್ ಮ್ಯಾಕ್ಸ್‌ನಿಂದ ಬ್ಲೆಂಡರಿಗೆ ಸಾಗುವ ನಿರ್ಧಾರವನ್ನು ಪ್ರಕಟಿಸಿ, ಅಭಿವೃದ್ಧಿ ನಿಧಿಗೂ ಸೇರಿತು.

ಕರ್ನಾಟಕದ ಮುಂದಿರುವ ಆಯ್ಕೆ

ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ ಭಾರತದಲ್ಲಿ ಮೊದಲು ನೀತಿಯೊಂದನ್ನು ರೂಪಿಸಿದ ರಾಜ್ಯ ಕರ್ನಾಟಕ. 2012ರ ಆ ನೀತಿಯ ಮುಂದುವರಿಕೆಯಾಗಿ 2024ರಲ್ಲಿ ಹೊಸ ನೀತಿಯೂ ಬಂದಿದೆ. ಬೆಂಗಳೂರಿನ ಸ್ಟುಡಿಯೊಗಳ ಆದಾಯದ ದೊಡ್ಡ ಪಾಲು ಹೊರದೇಶದ ಚಿತ್ರಗಳ ಗುತ್ತಿಗೆ ಕೆಲಸದಿಂದ ಬರುವುದರಿಂದ, ಗುತ್ತಿಗೆ ಕೊಟ್ಟವರು ಬಳಸುವ ತಂತ್ರಾಂಶವನ್ನೇ ಇಲ್ಲಿಯವರೂ ಬಳಸಬೇಕಾಗುತ್ತದೆ. ತರಬೇತಿ ಸಂಸ್ಥೆಗಳ ಪಠ್ಯಕ್ರಮವೂ ಅದನ್ನೇ ಹಿಂಬಾಲಿಸುತ್ತದೆ. ಈ ಅವಲಂಬನೆಯ ಅಪಾಯವು 2025ರ ಫೆಬ್ರವರಿಯಲ್ಲಿ, ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದು ಅದರ ಬೆಂಗಳೂರಿನ ಘಟಕವೂ ಮುಚ್ಚಿ ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡಾಗ ಎದ್ದು ಕಂಡಿತು. ಮುಕ್ತ ತಂತ್ರಾಂಶವು ಕಳೆದುಹೋದ ಕೆಲಸವನ್ನು ಮರಳಿಸಲಾರದು. ಆದರೆ ಸಂಸ್ಥೆಯೊಂದಿಗೆ ಪರವಾನಗಿಯೂ ಕೈತಪ್ಪಿದ ಕಲಾವಿದನು ತನ್ನ ಮನೆಯ ಕಂಪ್ಯೂಟರಿನಲ್ಲಿ ಮರುದಿನವೇ ಕೆಲಸ ಮುಂದುವರಿಸುವುದು, ಐದಾರು ಜನ ಕೂಡಿ ತಮ್ಮದೇ ಕಥೆಯನ್ನು ಚಿತ್ರವಾಗಿಸಲು ಹೊರಡುವುದು ಅದರಿಂದ ಸಾಧ್ಯವಾಗುತ್ತದೆ.

ನೆರೆಯ ಕೇರಳದಲ್ಲಿ ಶಾಲಾ ತಂತ್ರಜ್ಞಾನ ಶಿಕ್ಷಣವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್, ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳ ಮೂಲಕ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಮಕ್ಕಳಿಗೆ ಓಪನ್‌ಟೂನ್ಜ್, ಬ್ಲೆಂಡರ್‌ಗಳಲ್ಲಿ ಅನಿಮೇಷನ್ ಕಲಿಸುತ್ತಿದೆ. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಬ್ಲೆಂಡರ್, ಸಿನ್‌ಫಿಗ್ ಮೊದಲಾದ ಮುಕ್ತ ತಂತ್ರಾಂಶಗಳ ವಿಡಿಯೊ ಪಾಠಗಳನ್ನು ಸಿದ್ಧಪಡಿಸಿದೆ. ಕರ್ನಾಟಕದ ತರಬೇತಿ ಸಂಸ್ಥೆಗಳು ಮಾಯಾವನ್ನು ಕೈಬಿಡಬೇಕಾದ ಅಗತ್ಯವಿಲ್ಲ. ಒಂದು ಪಾತ್ರದ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಬೆಳಕು ಎಲ್ಲಿಂದ ಬರಬೇಕು ಎಂಬ ಮೂಲ ವಿದ್ಯೆಯನ್ನು ಎರಡು ತಂತ್ರಾಂಶಗಳಲ್ಲಿಯೂ ಮಾಡಿ ತೋರಿಸಬಲ್ಲ ವಿದ್ಯಾರ್ಥಿಯು ಒಂದೇ ಕಂಪನಿಯ ಗುಂಡಿಗಳ ಸ್ಥಾನವನ್ನು ಬಾಯಿಪಾಠ ಮಾಡಿದವನಿಗಿಂತ ಹೆಚ್ಚು ಕಾಲ ಬಾಳುತ್ತಾನೆ.

ಹಕ್ಕಿನ ಜೊತೆಗೆ ಬರುವ ಹೊಣೆಯನ್ನೂ ಇಲ್ಲಿ ಹೇಳಬೇಕು. ಬ್ಲೆಂಡರಿನ ದೃಶ್ಯದೊಳಗೆ ಕನ್ನಡವನ್ನು ನೇರವಾಗಿ ಟೈಪಿಸಿದರೆ ಒತ್ತಕ್ಷರಗಳೂ ಗುಣಿತಾಕ್ಷರಗಳೂ ಸರಿಯಾಗಿ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುವ ತೊಂದರೆ ಬಹುಕಾಲದಿಂದ ಇದೆ. ಕನ್ನಡ ಶೀರ್ಷಿಕೆಯನ್ನು ಮೂರು ಆಯಾಮದಲ್ಲಿ ಮೂಡಿಸಬೇಕಾದವರು ಇಂಕ್‌ಸ್ಕೇಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಅಕ್ಷರಗಳನ್ನು ಬರೆದು, ಗೆರೆಗಳ ರೂಪಕ್ಕೆ ಪರಿವರ್ತಿಸಿ, ಅದನ್ನು ಬ್ಲೆಂಡರಿಗೆ ತರುವ ಸುತ್ತುದಾರಿಯನ್ನು ಹಿಡಿಯಬೇಕಾಗುತ್ತದೆ. ಭಾರತೀಯ ಲಿಪಿಗಳ ಅಕ್ಷರ ಸಂಯೋಜನೆಯನ್ನು ಬಲ್ಲ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಭಾಗವು ಮೊದಲೇ ಲಭ್ಯವಿರುವುದರಿಂದ ಇದು ಬಗೆಹರಿಯದ ತೊಡಕಲ್ಲ. ಮುಚ್ಚಿದ ತಂತ್ರಾಂಶದಲ್ಲಾಗಿದ್ದರೆ ಕನ್ನಡದ ಮಾರುಕಟ್ಟೆ ದೊಡ್ಡದೆಂದು ಕಂಪನಿಗೆ ಮನವರಿಕೆಯಾಗುವವರೆಗೆ ಕಾಯುವುದೊಂದೇ ದಾರಿ. ಇಲ್ಲಿ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಆದರೆ ಅಪ್ಪಣೆ ಬೇಕಿಲ್ಲವೆಂದ ಮಾತ್ರಕ್ಕೆ ಕೆಲಸ ತಾನಾಗಿ ಆಗುವುದೂ ಇಲ್ಲ. ಆ ಸಂಕೇತವನ್ನು ಬರೆಯಬಲ್ಲ ಪ್ರೋಗ್ರಾಮರುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರ ಕೆಲವು ತಿಂಗಳ ಸಂಬಳವನ್ನು ಸರ್ಕಾರದ ನೀತಿಯೋ, ವಿಶ್ವವಿದ್ಯಾಲಯವೋ, ಚಿತ್ರೋದ್ಯಮವೋ ಹೊತ್ತುಕೊಂಡರೆ ಅದರ ಫಲ ಕನ್ನಡದ ಜೊತೆಗೆ ತೆಲುಗು, ತಮಿಳು, ಮಲಯಾಳಂ, ಹಿಂದಿಗಳಿಗೂ ದೊರೆಯುತ್ತದೆ. 2002ರಲ್ಲಿ 1 ಲಕ್ಷ ಯೂರೋ ಕೂಡಿಸಿದವರು ಪಡೆದುಕೊಂಡದ್ದು ಸಿದ್ಧವಾದ ಉತ್ತಮ ತಂತ್ರಾಂಶವನ್ನಲ್ಲ, ಅದನ್ನು ಉತ್ತಮಗೊಳಿಸುವ ಹಕ್ಕನ್ನು. ಆ ಹಕ್ಕನ್ನು ಬಳಸಿ ಹದಿನೇಳು ವರ್ಷ ದುಡಿದ ಮೇಲೆಯೇ ಉದ್ಯಮವು ಬ್ಲೆಂಡರಿನತ್ತ ತಿರುಗಿ ನೋಡಿತು.